ರೈಲು ಎಲ್ಲಿಯವರೆಗೆ, ಕಾರು ಎಲ್ಲಿಂದ: ಜ್ಯೂರಿಕ್‌ನಿಂದ ರೋಮ್‌ವರೆಗೆ 14 ದಿನ

ಜ್ಯೂರಿಕ್‌ನಲ್ಲಿ ಇಳಿದು ರೋಮ್‌ನಲ್ಲಿ ವಿಮಾನ ಹತ್ತುವ ದಾರಿ ಇದು. ಮೊದಲ ಎಂಟು ದಿನ ರೈಲು, ಆಮೇಲೆ ನಾಲ್ಕು ದಿನ ಬಾಡಿಗೆ ಕಾರು, ಕೊನೆಗೆ ಮತ್ತೆ ರೈಲು. ಹೀಗೆ ಹಂಚಿರುವುದಕ್ಕೆ ಕಾರಣವಿದೆ. ಸ್ವಿಟ್ಜರ್‌ಲೆಂಡ್‌ನಲ್ಲಿ ಬೆಟ್ಟದ ಮೇಲಿನ ಹಳ್ಳಿಗೂ ರೈಲು ಹೋಗುತ್ತದೆ. ಅಲ್ಲಿ ಕಾರು ತೆಗೆದುಕೊಂಡರೆ ಅದನ್ನು ಕಣಿವೆಯಲ್ಲಿ ನಿಲ್ಲಿಸಿ, ಪಾರ್ಕಿಂಗ್‌ಗೆ ದುಡ್ಡು ಕೊಟ್ಟು, ಮತ್ತೆ ಅದೇ ರೈಲು ಹತ್ತಬೇಕು. ಮಿಲಾನ್, ಫ್ಲಾರೆನ್ಸ್, ರೋಮ್‌ಗಳಲ್ಲಿ ರೈಲು ಊರ ನಡುವಿಗೇ ತಂದು ಇಳಿಸುತ್ತದೆ, ಕಾರು ಬರೀ ಹೊರೆ. ಇಟಲಿಯ ಟಸ್ಕನಿ ಸೀಮೆ ಹಾಗಲ್ಲ. ಊರುಗಳು ಗುಡ್ಡದ ನೆತ್ತಿಯಲ್ಲಿವೆ. ನಿಲ್ದಾಣ ಇದ್ದರೂ ಕೆಳಗೆ ಕಣಿವೆಯಲ್ಲಿ. ಬಸ್ಸು ದಿನಕ್ಕೆ ಕೆಲವೇ, ಭಾನುವಾರ ಇನ್ನೂ ಕಡಿಮೆ. ಕಾರು ನಿಜಕ್ಕೂ ಬೇಕಾಗುವುದು ಅಲ್ಲಿ.

ಕಾಲ ಸೆಪ್ಟೆಂಬರ್ ನಡುಭಾಗ. ಆಲ್ಪ್ಸ್‌ನ ಬೆಟ್ಟದ ರೈಲುಗಳೆಲ್ಲ ಓಡುತ್ತಿರುತ್ತವೆ, ಇಟಲಿಯ ಆಗಸ್ಟ್ ಸೆಕೆ ಇಳಿದಿರುತ್ತದೆ, ಟಸ್ಕನಿಯಲ್ಲಿ ದ್ರಾಕ್ಷಿ ಕೊಯ್ಲು ನಡೆಯುತ್ತಿರುತ್ತದೆ. ಆದರೆ ಫೋಟೋಗಳಲ್ಲಿ ಕಾಣುವ ಹಸಿರು ಅಲೆಯಂಥ ಟಸ್ಕನಿ ಗುಡ್ಡಗಳು ಏಪ್ರಿಲ್, ಮೇ ತಿಂಗಳಿನವು. ಸೆಪ್ಟೆಂಬರ್‌ನಲ್ಲಿ ಅದೇ ಹೊಲಗಳು ಉಳುಮೆಯಾಗಿ ಕಂದು ಬಣ್ಣಕ್ಕೆ ತಿರುಗಿರುತ್ತವೆ. ಅದರ ಚೆಲುವೇ ಬೇರೆ, ಆದರೂ ಮೊದಲೇ ತಿಳಿದಿರಲಿ.

ಹೊರಡುವ ಮೊದಲು: ಯಾವುದರ ಹಿಂದೆ ಯಾವುದು

ಇಂಥ ಪ್ರವಾಸ ಕೆಡುವುದು ಹೆಚ್ಚಾಗಿ ಬುಕಿಂಗ್‌ಗಳ ಕ್ರಮ ತಪ್ಪಿದಾಗ. ಮೊದಲು ವಿಮಾನ. ಬೆಂಗಳೂರಿನಿಂದ ಜ್ಯೂರಿಕ್‌ಗೆ, ರೋಮ್‌ನಿಂದ ಬೆಂಗಳೂರಿಗೆ ಎಂದು ಒಂದೇ ಟಿಕೆಟ್‌ನಲ್ಲಿ ಮಲ್ಟಿ-ಸಿಟಿ ಆಯ್ಕೆ ಮಾಡಿ ಹುಡುಕಬೇಕು. ಎರಡು ಒನ್‌-ವೇ ಟಿಕೆಟ್ ತೆಗೆದರೆ ಸಾಮಾನ್ಯವಾಗಿ ದುಬಾರಿ. ಹೋಗಿ ಬರುವ ಟಿಕೆಟ್ ಜ್ಯೂರಿಕ್‌ಗೇ ತೆಗೆದರೆ ರೋಮ್‌ನಿಂದ ಹಿಂದಿರುಗಲು ಒಂದು ದಿನ ಹಾಳು. ಫ್ರಾಂಕ್‌ಫರ್ಟ್, ಮ್ಯೂನಿಕ್ ಅಥವಾ ಪ್ಯಾರಿಸ್ ಮೂಲಕ ಹೋದರೆ ವಲಸೆ ತಪಾಸಣೆ ಅಲ್ಲೇ ಮುಗಿಯುತ್ತದೆ. ಹಾಗಾಗಿ ಅಲ್ಲಿ ಮುಂದಿನ ವಿಮಾನಕ್ಕೆ ಕನಿಷ್ಠ ಎರಡೂವರೆ ಗಂಟೆ ಬಿಡಿ. ಗಲ್ಫ್ ಮೂಲಕ ಹೋದರೆ ತಪಾಸಣೆ ಜ್ಯೂರಿಕ್‌ನಲ್ಲಿ. 2025ರ ಅಕ್ಟೋಬರ್ 12ರಿಂದ ಷೆಂಗೆನ್ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಕೂಟ) ಗಡಿಗಳಲ್ಲಿ ಹೊಸ ನೋಂದಣಿ ವ್ಯವಸ್ಥೆ ಹಂತ ಹಂತವಾಗಿ ಬಂದಿದೆ. ಪಾಸ್‌ಪೋರ್ಟ್‌ಗೆ ಮುದ್ರೆ ಒತ್ತುವ ಬದಲು ಮುಖದ ಫೋಟೋ, ಬೆರಳಚ್ಚು ತೆಗೆದುಕೊಳ್ಳುತ್ತಾರೆ. ಮೊದಲ ಸಲ ಹೋಗುವವರಿಗೆ ಸಾಲಿನಲ್ಲಿ ಹೆಚ್ಚು ಹೊತ್ತು ಹಿಡಿಯುತ್ತದೆ.

ಎರಡನೆಯದು ವೀಸಾ. ಷೆಂಗೆನ್ ವೀಸಾಕ್ಕೆ ಅರ್ಜಿ ಹಾಕಬೇಕಾದದ್ದು ಮೊದಲು ಇಳಿಯುವ ದೇಶಕ್ಕಲ್ಲ, ಹೆಚ್ಚು ದಿನ ಇರುವ ದೇಶಕ್ಕೆ. ಈ ಯೋಜನೆಯಲ್ಲಿ ಸ್ವಿಟ್ಜರ್‌ಲೆಂಡ್‌ನಲ್ಲಿ 5 ರಾತ್ರಿ, ಇಟಲಿಯಲ್ಲಿ 8 ರಾತ್ರಿ. ಆದ್ದರಿಂದ ಅರ್ಜಿ ಇಟಲಿಗೆ, ಬೆಂಗಳೂರಿನ ವಿಎಫ್‌ಎಸ್ ಕೇಂದ್ರದ ಮೂಲಕ. ದೊಡ್ಡವರಿಗೆ ಶುಲ್ಕ 90 ಯೂರೊ, 6ರಿಂದ 12 ವರ್ಷದೊಳಗಿನ ಮಕ್ಕಳಿಗೆ 45, ಅದಕ್ಕಿಂತ ಚಿಕ್ಕವರಿಗೆ ಇಲ್ಲ. ವಿಎಫ್‌ಎಸ್‌ನ ಸೇವಾ ಶುಲ್ಕ ಬೇರೆ. ಕನಿಷ್ಠ 30,000 ಯೂರೊ ರಕ್ಷಣೆಯ ಪ್ರಯಾಣ ವಿಮೆ ಕಡ್ಡಾಯ. ಪ್ರಯಾಣಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ಬೇಸಿಗೆ ರಜೆಯ ಮುಂಚಿನ ತಿಂಗಳುಗಳಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ, ಕಾಯದೆ ಬೇಗ ಹಿಡಿಯಿರಿ. ಅರ್ಜಿಗೆ ಹೋಟೆಲ್ ಬುಕಿಂಗ್ ತೋರಿಸಬೇಕು, ಅವೆಲ್ಲ ರದ್ದು ಮಾಡಬಹುದಾದ ದರದಲ್ಲೇ ಇರಲಿ. ದಿನಾಂಕಗಳಲ್ಲಿ ಒಂದು ರಾತ್ರಿಯೂ ಖಾಲಿ ಬಿಡಬಾರದು.

ವೀಸಾ ಕೈಗೆ ಬಂದ ಮೇಲೆ ಹಣ ವಾಪಸಾಗದ ಟಿಕೆಟ್‌ಗಳು. ಇಟಲಿಯ ವೇಗದ ರೈಲುಗಳಲ್ಲಿ ಒಂದೇ ಸೀಟಿಗೆ ಹಲವು ದರ. ಅತಿ ಅಗ್ಗದ್ದು ಮೊದಲು ಖಾಲಿಯಾಗುತ್ತದೆ, ಅದನ್ನು ರದ್ದು ಮಾಡಲಾಗದು, ಬದಲಿಸಲೂ ಆಗದು. ಎರಡು ತಿಂಗಳು ಮೊದಲು ಕೊಂಡ ದರಕ್ಕೂ ಹಿಂದಿನ ದಿನದ ದರಕ್ಕೂ ಎರಡು, ಮೂರು ಪಟ್ಟು ವ್ಯತ್ಯಾಸ ಬರುವುದುಂಟು. ಸ್ವಿಟ್ಜರ್‌ಲೆಂಡ್‌ನ ಸಾಮಾನ್ಯ ರೈಲುಗಳಿಗೆ ಈ ಆತುರ ಬೇಡ, ಅಲ್ಲಿ ಸೀಟು ಕಾಯ್ದಿರಿಸುವ ಪದ್ಧತಿಯೇ ಬಹುಪಾಲು ಇಲ್ಲ.

ಪಾಸ್ ಬೇಕೆ? ಯುರೋಪಿನ ಹಲವು ದೇಶಗಳ ರೈಲಿಗೆ ನಡೆಯುವ ಯುರೇಲ್ ಪಾಸ್ ಈ ದಾರಿಗೆ ಹೊಂದುವುದಿಲ್ಲ. ಇಟಲಿಯಲ್ಲಿ ಬೇಕಿರುವುದು ಒಂದೇ ವೇಗದ ರೈಲು, ಅದಕ್ಕೂ ಪಾಸ್‌ನ ಮೇಲೆ ಸೀಟಿನ ಶುಲ್ಕ ಬೇರೆ. ಸ್ವಿಸ್ ಟ್ರಾವೆಲ್ ಪಾಸ್ ಮಾತ್ರ ಅಳತೆ ತೆಗೆದು ಹೊಲಿದಂತೆ ಕೂರುತ್ತದೆ. ಅದು 3, 4, 6, 8, 15 ದಿನಗಳ ಲೆಕ್ಕದಲ್ಲಿ ಸಿಗುತ್ತದೆ. ಈ ಯೋಜನೆಯಲ್ಲಿ ಸ್ವಿಟ್ಜರ್‌ಲೆಂಡ್‌ನ ಓಡಾಟ ಸರಿಯಾಗಿ 6 ದಿನ, ಆರನೇ ದಿನ ಬೆರ್ನಿನಾ ಹಳಿಯ ಮೇಲೆ ಇಟಲಿಯ ತಿರಾನೊ ನಿಲ್ದಾಣದವರೆಗೂ ಅದೇ ಪಾಸ್ ನಡೆಯುತ್ತದೆ. ಪಾಸ್ ಇರುವ ತಂದೆ ಅಥವಾ ತಾಯಿಯ ಜೊತೆ 6ರಿಂದ 15 ವರ್ಷದ ಮಕ್ಕಳಿಗೆ ಫ್ಯಾಮಿಲಿ ಕಾರ್ಡ್‌ನಲ್ಲಿ ಉಚಿತ, ಆದರೆ ಆ ಕಾರ್ಡನ್ನು ಪಾಸ್ ಕೊಳ್ಳುವಾಗಲೇ ಕೇಳಿ ಸೇರಿಸಿಕೊಳ್ಳಬೇಕು.

ಕಾರಿಗೆ ಮೂರು ಕಾಗದ: ನಿಮ್ಮ ಮೂಲ ಚಾಲನಾ ಪರವಾನಗಿ, ಅಂತರರಾಷ್ಟ್ರೀಯ ಚಾಲನಾ ಪರವಾನಗಿ, ಪಾಸ್‌ಪೋರ್ಟ್. ಇಟಲಿಯಲ್ಲಿ ಎರಡನೆಯದು ಕಾನೂನಿನಲ್ಲೇ ಇದೆ. ಕೌಂಟರ್‌ನಲ್ಲಿ ಕೇಳದಿದ್ದರೂ ರಸ್ತೆಯಲ್ಲಿ ಪೊಲೀಸರು ಕೇಳಬಹುದು. ಪರಿವಾಹನ್ ಜಾಲತಾಣದ ಸಾರಥಿ ವಿಭಾಗದಲ್ಲಿ ಅರ್ಜಿ ಹಾಕಿ ಆರ್‌ಟಿಒದಿಂದ ಪಡೆಯಬೇಕು, ಅವಧಿ ಒಂದು ವರ್ಷ. ವೀಸಾ ಪ್ರತಿ, ವಿಮಾನ ಟಿಕೆಟ್ ಕೇಳುವುದರಿಂದ ವೀಸಾ ಬಂದ ಕೂಡಲೇ ಈ ಕೆಲಸ ಹಚ್ಚಿಕೊಳ್ಳುವುದು ಒಳ್ಳೆಯದು.

ಇನ್ನು ಕಾರ್ಡ್. ಬಾಡಿಗೆ ಕಂಪನಿ ಠೇವಣಿಯಾಗಿ ಸಾವಿರ, ಎರಡು ಸಾವಿರ ಯೂರೊ ತಡೆಹಿಡಿಯುತ್ತದೆ. ಅದಕ್ಕೆ ಓಡಿಸುವವರ ಹೆಸರಿನಲ್ಲೇ ಇರುವ ಕ್ರೆಡಿಟ್ ಕಾರ್ಡ್ ಬೇಕು. ಫಾರೆಕ್ಸ್ ಕಾರ್ಡ್ ಇದಕ್ಕೆ ಸಾಮಾನ್ಯವಾಗಿ ನಡೆಯುವುದಿಲ್ಲ, ಹೆಂಡತಿಯ ಕಾರ್ಡ್ ಗಂಡನ ಬುಕಿಂಗ್‌ಗೆ ನಡೆಯುವುದಿಲ್ಲ. ನಮ್ಮ ಬ್ಯಾಂಕ್‌ಗಳ ಕಾರ್ಡ್‌ನಲ್ಲಿ ವಿದೇಶಿ ವಹಿವಾಟು ಮೊದಲೇ ಮುಚ್ಚಿರುತ್ತದೆ. ಹೊರಡುವ ಮುನ್ನ ಆ್ಯಪ್‌ನಲ್ಲಿ ಅದನ್ನು ತೆರೆದು, ಮಿತಿ ಏರಿಸಿ, ಪಿನ್ ನೆನಪಿಟ್ಟುಕೊಳ್ಳಿ. ಕೌಂಟರ್‌ನ ಮುಂದೆ ನಿಂತು ಕಾರು ಸಿಗದೆ ಹಿಂದಿರುಗುವವರಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ.

ಸಾಮಾನು ಒಬ್ಬರಿಗೆ ಒಂದು ಮಧ್ಯಮ ಗಾತ್ರದ ಚಕ್ರದ ಪೆಟ್ಟಿಗೆ, ಒಂದು ಬೆನ್ನುಚೀಲ. ರೈಲಿನಲ್ಲಿ ಪೆಟ್ಟಿಗೆ ಎತ್ತಿಕೊಡುವವರು ಯಾರೂ ಇಲ್ಲ. ಮಧ್ಯಮ ಪೆಟ್ಟಿಗೆ ಸೀಟುಗಳ ಬೆನ್ನ ನಡುವಿನ ಸಂದಿಯಲ್ಲಿ ಕೂರುತ್ತದೆ, ದೊಡ್ಡದು ಬಾಗಿಲ ಬಳಿಯೇ ಉಳಿಯುತ್ತದೆ.

1ನೇ ದಿನ: ಜ್ಯೂರಿಕ್ ವಿಮಾನ ನಿಲ್ದಾಣದಿಂದ ಲೂಸರ್ನ್

ರೈಲು ನಿಲ್ದಾಣ ವಿಮಾನ ನಿಲ್ದಾಣದ ಕೆಳಗೇ ಇದೆ. ಲೂಸರ್ನ್‌ಗೆ ನೇರ ರೈಲು, ಒಂದು ಗಂಟೆಯ ಮೇಲೆ ಕೆಲವು ನಿಮಿಷ. ಸ್ವಿಸ್ ರೈಲ್ವೆಯ ಎಸ್‌ಬಿಬಿ ಆ್ಯಪ್‌ನಲ್ಲಿ ಪ್ಲಾಟ್‌ಫಾರ್ಮ್ ಸಂಖ್ಯೆ, ಬೋಗಿ ನಿಲ್ಲುವ ಜಾಗ ಎಲ್ಲ ಕಾಣುತ್ತದೆ. ಪಾಸ್ ಅನ್ನು ಮೊದಲ ದಿನದ ದಿನಾಂಕಕ್ಕೆ ಸರಿಯಾಗಿ ಕೊಂಡಿದ್ದೀರಾ ಎಂದು ಹತ್ತುವ ಮುನ್ನವೇ ನೋಡಿಕೊಳ್ಳಿ, ಅಲ್ಲಿನ ಟಿಟಿಇ ತಪ್ಪು ದಿನಾಂಕವನ್ನು ಒಪ್ಪುವುದಿಲ್ಲ. ಸಂಜೆಗೆ ಕಪೆಲ್‌ಬ್ರೂಕೆ ಎಂಬ ಮರದ ಸೇತುವೆ ಸಾಕು. 14ನೇ ಶತಮಾನದ್ದು, 1993ರ ಬೆಂಕಿಯಲ್ಲಿ ಬಹುಭಾಗ ಸುಟ್ಟು ಮರುವರ್ಷವೇ ಮತ್ತೆ ಕಟ್ಟಿದ್ದು. ನಿಲ್ದಾಣದಿಂದ ನಡಿಗೆಯಲ್ಲಿ ಐದು ನಿಮಿಷ. ಅಂಗಡಿಗಳು ಬೇಗ ಮುಚ್ಚುತ್ತವೆ, ಭಾನುವಾರ ತೆರೆಯುವುದೇ ಇಲ್ಲ. ನಿಲ್ದಾಣದೊಳಗಿನ ಕೋಪ್, ಮಿಗ್ರೋಸ್ ದಿನಸಿ ಅಂಗಡಿಗಳು ಮಾತ್ರ ಭಾನುವಾರವೂ ಇರುತ್ತವೆ.

2ನೇ ದಿನ: ರಿಗಿ

ನಿಲ್ದಾಣದ ಎದುರಿನ ದೋಣಿಕಟ್ಟೆಯಿಂದ ವಿಟ್ಸ್‌ನೌಗೆ ಒಂದು ಗಂಟೆ ಹಡಗು, ಅಲ್ಲಿಂದ ಹಲ್ಲುಹಳಿಯ (ನಡುವಿನ ಹಲ್ಲಿನ ಹಳಿಯನ್ನು ಕಚ್ಚಿಕೊಂಡು ಏರುವ) ರೈಲಿನಲ್ಲಿ ರಿಗಿ ಕುಲ್ಮ್‌ಗೆ ಅರ್ಧ ಗಂಟೆ. 1871ರಲ್ಲಿ ಓಡಲು ಶುರುವಾದ ಇದು ಯುರೋಪಿನ ಮೊದಲ ಹಲ್ಲುಹಳಿಯ ಬೆಟ್ಟದ ರೈಲು. ಶಿಖರ 1,798 ಮೀಟರ್. ಇಳಿಯುವಾಗ ಇನ್ನೊಂದು ಬದಿಯ ನೀಲಿ ರೈಲಿನಲ್ಲಿ ಆರ್ತ್-ಗೋಲ್ಡೌಗೆ ಬಂದು, ಅಲ್ಲಿಂದ ಲೂಸರ್ನ್ ರೈಲು ಹಿಡಿದರೆ ಸುತ್ತು ಪೂರ್ತಿ. ಹಡಗು, ಎರಡೂ ಬೆಟ್ಟದ ರೈಲು, ವಾಪಸು ರೈಲು ಎಲ್ಲವೂ ಪಾಸ್‌ನಲ್ಲೇ. ಪಿಲಾಟುಸ್, ಟಿಟ್ಲಿಸ್‌ಗಳಿಗೆ ಪಾಸ್ ಇದ್ದರೂ ಅರ್ಧ ದರ ಕೊಡಬೇಕು. ಮೊದಲ ಬೆಟ್ಟವಾಗಿ ರಿಗಿಯನ್ನು ಹಿಡಿಯುವುದಕ್ಕೆ ಇದೊಂದೇ ಕಾರಣ ಸಾಕು.

3 ಮತ್ತು 4ನೇ ದಿನ: ಲೌಟರ್‌ಬ್ರುನೆನ್ ಕಣಿವೆ

ಲೂಸರ್ನ್‌ನಿಂದ ಇಂಟರ್‌ಲಾಕನ್‌ಗೆ ಬ್ರೂನಿಗ್ ಕಣಿವೆದಾರಿಯ ರೈಲು ಎರಡು ಗಂಟೆಗೆ ಸ್ವಲ್ಪ ಕಡಿಮೆ. ಲೂಸರ್ನ್‌ನಲ್ಲಿ ಹತ್ತುವಾಗ ಬಲಬದಿಯ ಕಿಟಕಿ ಹಿಡಿಯಿರಿ. ಸಾರ್ನೆನ್, ಲುಂಗರ್ನ್ ಸರೋವರಗಳು ಅದೇ ಬದಿಗೆ. ಮೈರಿಂಗನ್‌ನಲ್ಲಿ ರೈಲು ದಿಕ್ಕು ತಿರುಗಿಸುತ್ತದೆ, ಎದ್ದು ಜಾಗ ಬದಲಿಸಬೇಡಿ. ಅದೇ ಕಿಟಕಿಗೆ ಬ್ರಿಯೆನ್ಸ್ ಸರೋವರವೂ ಬರುತ್ತದೆ.

ಇಂಟರ್‌ಲಾಕನ್ ಓಸ್ಟ್‌ನಿಂದ ಲೌಟರ್‌ಬ್ರುನೆನ್ 20 ನಿಮಿಷ. ಇಲ್ಲಿ ಒಂದು ಎಚ್ಚರ. ಒಂದೇ ರೈಲು ತ್ಸ್ವೈಲ್ಯೂಚಿನೆನ್ ನಿಲ್ದಾಣದಲ್ಲಿ ಎರಡಾಗಿ ಸೀಳಿ, ಒಂದು ಭಾಗ ಲೌಟರ್‌ಬ್ರುನೆನ್‌ಗೂ ಇನ್ನೊಂದು ಗ್ರಿಂಡೆಲ್‌ವಾಲ್ಡ್‌ಗೂ ಹೋಗುತ್ತದೆ. ಬೋಗಿಯ ಹೊರಗಿನ ಫಲಕ ಓದದೆ ಹತ್ತಿದವರು ಬೇರೆ ಕಣಿವೆಯಲ್ಲಿ ಇಳಿಯುತ್ತಾರೆ. ವಸತಿ ಇಂಟರ್‌ಲಾಕನ್‌ಗಿಂತ ಲೌಟರ್‌ಬ್ರುನೆನ್‌ನಲ್ಲೇ ಇರಲಿ. 297 ಮೀಟರ್ ಎತ್ತರದಿಂದ ಬೀಳುವ ಷ್ಟೌಬಾಖ್ ಜಲಪಾತ ಊರಿನ ರಸ್ತೆಯಿಂದಲೇ ಕಾಣುತ್ತದೆ. ಸೆಪ್ಟೆಂಬರ್‌ನಲ್ಲಿ ನೀರು ತೆಳ್ಳಗಾಗಿ, ಗಾಳಿಗೆ ಹೊಗೆಯಂತೆ ಚದುರುತ್ತದೆ.

ಮರುದಿನ ಯುಂಗ್‌ಫ್ರೌಯೋಖ್ ಎಂಬ ಬೆಟ್ಟದ ತುದಿಯ ನಿಲ್ದಾಣಕ್ಕೆ ಏರುವ ರೈಲಿನ ಟಿಕೆಟನ್ನು ಊರಿನಿಂದಲೇ ಕೊಂಡುಬಿಡುವುದು ಈ ಪ್ರವಾಸದ ಅತಿ ದುಬಾರಿ ತಪ್ಪಾಗಬಹುದು. 1912ರಲ್ಲಿ ಮುಗಿದ ಆ ಹಳಿ ಐಗರ್ ಮತ್ತು ಮ್ಯೋಂಖ್ ಬೆಟ್ಟಗಳ ಒಳಗಿನಿಂದ ಕೊರೆದುಕೊಂಡು 3,454 ಮೀಟರ್‌ಗೆ ಏರುತ್ತದೆ. ಮೇಲೆ ಮೋಡ ಕವಿದಿದ್ದರೆ ಕಾಣುವುದು ಬಿಳಿ ಗೋಡೆಯಷ್ಟೇ. ಪಾಸ್ ಇದ್ದವರಿಗೂ ರಿಯಾಯಿತಿ ನಾಲ್ಕನೆಯ ಒಂದು ಭಾಗ ಮಾತ್ರ, ಆದ್ದರಿಂದ ನಷ್ಟ ದೊಡ್ಡದು. ಬೆಳಿಗ್ಗೆ ಆರೂವರೆಗೆ ಶಿಖರದ ವೆಬ್‌ಕ್ಯಾಮ್ ನೋಡಿ. ತಿಳಿಯಾಗಿದ್ದರೆ ಟಿಕೆಟ್ ಕೊಂಡು ಮೊದಲ ರೈಲುಗಳಲ್ಲೇ ಹೊರಡಿ, ಗ್ರಿಂಡೆಲ್‌ವಾಲ್ಡ್ ಟರ್ಮಿನಲ್‌ನಿಂದ ಐಗರ್ ಎಕ್ಸ್‌ಪ್ರೆಸ್ ಗೊಂಡೋಲಾ 15 ನಿಮಿಷದಲ್ಲಿ ಐಗರ್‌ಗ್ಲೆಚರ್‌ಗೆ ಏರಿಸುತ್ತದೆ. ಅಲ್ಲಿಂದ ಮೇಲಕ್ಕೆ ಬೆಟ್ಟದೊಳಗಿನ ಆ ರೈಲು. ತುದಿಯಲ್ಲಿ ಗಾಳಿ ತೆಳು, ಮೆಟ್ಟಿಲು ಓಡಿ ಹತ್ತಿದರೆ ತಲೆ ತಿರುಗುತ್ತದೆ. ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಹೋಗಬೇಕು.

ಮೋಡ ಇದ್ದರೆ ಬೇಸರ ಬೇಡ. ಲೌಟರ್‌ಬ್ರುನೆನ್‌ನಿಂದ ಗ್ರೂಚಾಲ್ಪ್‌ಗೆ ಹಗ್ಗದ ತೊಟ್ಟಿಲು, ಅಲ್ಲಿಂದ ಬೆಟ್ಟದಂಚಿನ ಪುಟ್ಟ ರೈಲಿನಲ್ಲಿ ಮ್ಯೂರೆನ್ ಎಂಬ ಹಳ್ಳಿ. ಇದು ಪೂರ್ತಿ ಪಾಸ್‌ನಲ್ಲಿದೆ. ಮೋಡ ತಗ್ಗಿನಲ್ಲಿದ್ದರೆ ಮ್ಯೂರೆನ್ ಅದರ ಮೇಲೆ ನಿಂತಿರುವುದೂ ಉಂಟು.

5ನೇ ದಿನ: ಕೂರ್‌ಗೆ ಉದ್ದನೆಯ ದಾರಿ

ಬೆರ್ನಿನಾ ರೈಲು ಹೊರಡುವ ಕೂರ್ ಊರಿಗೆ ವೇಗದ ದಾರಿ ಬೆರ್ನ್, ಜ್ಯೂರಿಕ್ ಮೂಲಕ, ಮೂರೂವರೆಯಿಂದ ನಾಲ್ಕು ಗಂಟೆ. ದಿನ ಪೂರ್ತಿ ಕೈಯಲ್ಲಿದ್ದರೆ ಆ ದಾರಿ ಬೇಡ. ಷ್ಪೀಟ್ಸ್, ವಿಸ್ಪ್, ಆಂಡರ್‌ಮಾಟ್, ಡಿಸೆಂಟಿಸ್ ಮೂಲಕ ಹೋಗಿ, ಸುಮಾರು ಆರೇಳು ಗಂಟೆ. ವಿಸ್ಪ್‌ನಿಂದ ಮುಂದೆ ಇದು ಹೆಸರಾಂತ ಗ್ಲೇಸಿಯರ್ ಎಕ್ಸ್‌ಪ್ರೆಸ್ ಓಡುವ ಹಳಿಯೇ. ಆ ರೈಲಿಗೆ ಸೀಟು ಕಾಯ್ದಿರಿಸುವುದು ಕಡ್ಡಾಯ, ಅದಕ್ಕೆ ಪಾಸ್‌ನ ಮೇಲೆ ದೊಡ್ಡ ಮೊತ್ತ ಕೊಡಬೇಕು. ಅದೇ ಹಳಿಯ ಕೆಂಪು ಸ್ಥಳೀಯ ರೈಲುಗಳಿಗೆ ಪಾಸ್ ಒಂದೇ ಸಾಕು. ಆಂಡರ್‌ಮಾಟ್‌ನಿಂದ ಏರಿ 2,033 ಮೀಟರ್‌ನ ಓಬರಾಲ್ಪ್ ಕಣಿವೆದಾರಿ ದಾಟಿ ಇಳಿದರೆ ರೈನ್ ನದಿಯ ಎಳೆಯ ಹರಿವು ಜೊತೆಯಾಗುತ್ತದೆ. ಇಲಾಂಟ್ಸ್ ದಾಟಿದ ಮೇಲೆ ಬಿಳಿ ಸುಣ್ಣಕಲ್ಲಿನ ಕಮರಿಯಲ್ಲಿ ರಸ್ತೆ ಕೂಡ ಇಲ್ಲ, ನದಿ ಮತ್ತು ಹಳಿ ಎರಡೇ. ಬುತ್ತಿ ಕಟ್ಟಿಕೊಂಡೇ ಹತ್ತಿ.

6ನೇ ದಿನ: ಬೆರ್ನಿನಾ

ಇಡೀ ಪ್ರವಾಸವನ್ನು ಈ ದಿನದ ಸುತ್ತ ಹೆಣೆದರೂ ತಪ್ಪಿಲ್ಲ. ಕೂರ್‌ನಿಂದ ತಿರಾನೊಗೆ ಬೆರ್ನಿನಾ ಎಕ್ಸ್‌ಪ್ರೆಸ್ ನಾಲ್ಕು ಗಂಟೆಗೂ ಸ್ವಲ್ಪ ಹೆಚ್ಚು ಹಿಡಿಯುತ್ತದೆ. ಮೇಲಕ್ಕೆ ಬಾಗಿದ ದೊಡ್ಡ ಗಾಜು, ಕಾಯ್ದಿರಿಸುವಿಕೆ ಕಡ್ಡಾಯ, ಬೇಸಿಗೆಯಲ್ಲಿ ವಾರಗಳ ಮುಂಚೆಯೇ ಭರ್ತಿ. ಸ್ಥಳೀಯ ರೈಲುಗಳೂ ಇದೇ ಹಳಿಯಲ್ಲಿ ಸುಮಾರಾಗಿ ಗಂಟೆಗೊಂದು ಓಡುತ್ತವೆ, ಸಾಮೆಡಾನ್, ಪೊಂಟ್ರೆಸಿನಾಗಳಲ್ಲಿ ಬದಲಿಸಬೇಕು. ಆಯ್ಕೆ ಸ್ಥಳೀಯ ರೈಲೇ ಆಗಲಿ. ಎಕ್ಸ್‌ಪ್ರೆಸ್‌ನ ಗಾಜು ತೆರೆಯುವುದಿಲ್ಲ, ಫೋಟೋದಲ್ಲಿ ನಿಮ್ಮದೇ ಮುಖ ಮೂಡುತ್ತದೆ. ಸ್ಥಳೀಯ ರೈಲಿನ ಹಲವು ಬೋಗಿಗಳ ಕಿಟಕಿ ಇಳಿಸಬಹುದು, ಬೇಕಾದ ನಿಲ್ದಾಣದಲ್ಲಿ ಇಳಿದು ಮುಂದಿನ ರೈಲು ಹತ್ತಬಹುದು.

ಕೂರ್‌ನಿಂದ ಬಲಬದಿ. ಫಿಲಿಸುರ್‌ಗೆ ಮುಂಚೆ ಲಾಂಡ್‌ವಾಸರ್ ಸೇತುವೆ: 65 ಮೀಟರ್ ಎತ್ತರ, 136 ಮೀಟರ್ ಉದ್ದ, ಬಾಗಿದ ಕಲ್ಲಿನ ಕಮಾನುಗಳು, ತುದಿಯಲ್ಲಿ ನೇರ ಬಂಡೆಯೊಳಗಿನ ಸುರಂಗ. ಬೆರ್ಗ್ಯೂನ್‌ನಿಂದ ಪ್ರೇಡಾಕ್ಕೆ ಸುಮಾರು 400 ಮೀಟರ್ ಏರಬೇಕು. ನೇರ ಹಳಿ ಹಾಕಿದರೆ ಇಳಿಜಾರು ತಡೆಯದು. ಅದಕ್ಕೇ ಸುರುಳಿ ಸುರಂಗಗಳಲ್ಲಿ ಸುತ್ತಿಸಿ ಸುತ್ತಿಸಿ ಹಳಿಯನ್ನು ಸುಮಾರು 12 ಕಿಲೋಮೀಟರ್‌ಗೆ ಹಿಗ್ಗಿಸಿದ್ದಾರೆ. ಒಂದೇ ಚರ್ಚ್ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಪ್ರತಿ ಸಲ ಇನ್ನಷ್ಟು ಕೆಳಗೆ ಕಾಣುವುದು ಇದರಿಂದ.

ಪೊಂಟ್ರೆಸಿನಾದಿಂದ ಮುಂದಿನದು 1910ರ ಬೆರ್ನಿನಾ ಹಳಿ. ಸಾವಿರ ಮೀಟರ್ ಓಡಿದರೆ 70 ಮೀಟರ್ ಏರುವ ಕಡಿದು, ಅದೂ ಹಲ್ಲುಹಳಿ ಇಲ್ಲದೆ, ಚಕ್ರದ ಹಿಡಿತವೊಂದರಿಂದಲೇ. ಓಸ್ಪಿಜಿಯೊ ಬೆರ್ನಿನಾ 2,253 ಮೀಟರ್, ತಿರಾನೊ 429 ಮೀಟರ್. ಈ 1,800 ಮೀಟರ್ ಇಳಿತದಲ್ಲಿ ಹಿಮನದಿಯಿಂದ ದ್ರಾಕ್ಷಿ ತೋಟದವರೆಗೆ ಎಲ್ಲ ದಾಟುತ್ತದೆ. ಬಲಕ್ಕೆ ಲಾಗೊ ಬಿಯಾಂಕೊ ಎಂಬ ಹಾಲುಬಣ್ಣದ ಸರೋವರ. ಮುಂದಿನ ಆಲ್ಪ್ ಗ್ರ್ಯೂಮ್‌ನಲ್ಲಿ ಇಳಿದುಬಿಡಿ. ಅಲ್ಲಿಗೆ ಕಾರಿನ ರಸ್ತೆ ಇಲ್ಲ, ನಿಲ್ದಾಣದ ಕಟ್ಟಡದಲ್ಲೇ ಹೋಟೆಲ್, ಎದುರಿಗೆ ಪಾಲು ಹಿಮನದಿ. ಬ್ರೂಸಿಯೊದಲ್ಲಿ ಇಳಿಜಾರು ಕಡಿಮೆ ಮಾಡಲು ಹಳಿಯನ್ನು ಬಯಲಲ್ಲೇ ಉರುಟಾಗಿ ಸುತ್ತಿಸಿ, ತನ್ನದೇ ಸೇತುವೆಯ ಕಮಾನಿನ ಕೆಳಗೆ ನುಸುಳಿಸಿದ್ದಾರೆ. 2008ರಲ್ಲಿ ಆಲ್ಬುಲಾ (ಪೊಂಟ್ರೆಸಿನಾಗೆ ಮುಂಚಿನ ಸುರುಳಿ ಸುರಂಗಗಳ ಹಳಿ) ಮತ್ತು ಬೆರ್ನಿನಾ ಹಳಿಗಳು ಯುನೆಸ್ಕೊ ಪಟ್ಟಿ ಸೇರಿದವು.

ತಿರಾನೊದಲ್ಲಿ ಎರಡು ನಿಲ್ದಾಣ, ಒಂದೇ ಚೌಕದಲ್ಲಿ ಅಕ್ಕಪಕ್ಕ: ಕೆಂಪು ರೈಲಿನದು ಸ್ವಿಸ್, ಇನ್ನೊಂದು ಇಟಲಿಯದು. ಪಾಸ್ ಇಲ್ಲಿಗೆ ಮುಗಿಯಿತು. ಮಿಲಾನ್‌ಗೆ ಎರಡೂವರೆ ಗಂಟೆಯ ಸ್ಥಳೀಯ ರೈಲು, ಸೀಟು ಕಾಯ್ದಿರಿಸುವಂತಿಲ್ಲ. ಕಾಗದದ ಟಿಕೆಟ್ ಕೊಂಡರೆ ಹತ್ತುವ ಮುನ್ನ ಪ್ಲಾಟ್‌ಫಾರ್ಮ್‌ನ ಪುಟ್ಟ ಯಂತ್ರದಲ್ಲಿ ಮುದ್ರೆ ಹಾಕಿಸಲೇಬೇಕು. ಮರೆತರೆ ಟಿಕೆಟ್ ಕೈಯಲ್ಲಿದ್ದೂ ದಂಡ. ಈ ಹಳಿಯಲ್ಲಿ ಬೇಸಿಗೆಯ ಕಾಮಗಾರಿಗೆಂದು ಕೆಲವೊಮ್ಮೆ ರೈಲು ನಿಲ್ಲಿಸಿ ಬಸ್ ಓಡಿಸುತ್ತಾರೆ, ದಿನಾಂಕ ಮೊದಲೇ ನೋಡಿಕೊಳ್ಳಿ. ಊಟಕ್ಕೆ ತಿರಾನೊದಲ್ಲೇ ಪಿಟ್ಸೊಕೇರಿ: ಬಕ್‌ವೀಟ್ ಎಂಬ ಧಾನ್ಯದ ಹಿಟ್ಟಿನ ಪಟ್ಟಿ, ಆಲೂಗಡ್ಡೆ, ಎಲೆಕೋಸು, ಬೆಣ್ಣೆ, ಚೀಸ್. ಮಾಂಸ ಬೀಳುವುದಿಲ್ಲ. ಮಿಲಾನ್ ದಾರಿಯಲ್ಲೂ ಬಲಬದಿಗೇ ಕೂರಿ, ಕೋಮೊ ಸರೋವರ ಆ ಕಡೆ.

7 ಮತ್ತು 8ನೇ ದಿನ: ಮಿಲಾನ್, ಫ್ಲಾರೆನ್ಸ್

ಮಿಲಾನ್‌ಗೆ ಅರ್ಧ ದಿನ ಸಾಕು: ದುವೊಮೊ ಅಂದರೆ ಊರಿನ ಮುಖ್ಯ ಚರ್ಚ್, ಅದರ ತಾರಸಿ. ಲಿಯೊನಾರ್ಡೊನ 'ಕೊನೆಯ ಭೋಜನ' ನೋಡುವ ಆಸೆ ಇದ್ದರೆ ಅದನ್ನು ತಿಂಗಳುಗಳ ಮುಂಚೆಯೇ ಕಾಯ್ದಿರಿಸಬೇಕು. ಸಣ್ಣ ಗುಂಪಾಗಿ 15 ನಿಮಿಷ ಮಾತ್ರ ಒಳಗೆ ಬಿಡುತ್ತಾರೆ, ಬಾಗಿಲಲ್ಲಿ ಟಿಕೆಟ್ ಸಿಗುವುದಿಲ್ಲ.

ಮಿಲಾನೊ ಚೆಂತ್ರಾಲೆಯಿಂದ ಫ್ಲಾರೆನ್ಸ್‌ಗೆ ವೇಗದ ರೈಲು ಎರಡು ಗಂಟೆಯೊಳಗೆ. ಫಲಕದಲ್ಲಿ 'ಫಿರೆಂಜೆ' (ಫ್ಲಾರೆನ್ಸ್‌ಗೆ ಅಲ್ಲಿನವರ ಹೆಸರು) ಹುಡುಕಿದರೆ ಸಿಗದಿರಬಹುದು, ಅಲ್ಲಿ ಬರೆದಿರುವುದು ರೈಲಿನ ಕೊನೆಯ ಊರು: ನಾಪೊಲಿ, ರೋಮಾ, ಸಲೆರ್ನೊ. ಟಿಕೆಟ್‌ನ ಮೇಲಿನ ರೈಲಿನ ಸಂಖ್ಯೆಯನ್ನೇ ಹುಡುಕಬೇಕು. ಬಿನಾರಿಯೊ ಅಂದರೆ ಪ್ಲಾಟ್‌ಫಾರ್ಮ್, ಅದು ತಿಳಿಯುವುದು ಹೊರಡುವ ಸ್ವಲ್ಪ ಹೊತ್ತಿಗೆ ಮುಂಚೆ. ಇಳಿಯಬೇಕಾದ್ದು ಸಾಂತಾ ಮರಿಯಾ ನೊವೆಲ್ಲಾ, ಟಿಕೆಟ್‌ನಲ್ಲಿ ಎಸ್.ಎಂ.ಎನ್. ಎಂದಿರುತ್ತದೆ. ಷೋಪೆರೊ ಎಂಬ ಪದ ಕಂಡರೆ ಮುಷ್ಕರ. ಇಟಲಿಯಲ್ಲಿ ಮುಷ್ಕರವನ್ನು ಮುಂಚಿತವಾಗಿ ಪ್ರಕಟಿಸುತ್ತಾರೆ. ಕೆಲಸದ ದಿನಗಳಲ್ಲಿ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9 ಸ್ಥಳೀಯ ರೈಲುಗಳ ಖಾತರಿ ಹೊತ್ತು.

ಫ್ಲಾರೆನ್ಸ್‌ನ ಉಫಿಜಿ, ಅಕಾಡೆಮಿಯಾ ಎಂಬ ಎರಡೂ ಕಲಾ ಸಂಗ್ರಹಾಲಯಗಳು ಸೋಮವಾರ ಮುಚ್ಚಿರುತ್ತವೆ. ಎಂಟನೇ ದಿನ ಸೋಮವಾರ ಬೀಳದಂತೆ ಇಡೀ ಪ್ರವಾಸದ ದಿನಾಂಕವನ್ನೇ ಸರಿಸುವುದು ಯೋಗ್ಯ. ದುವೊಮೊದ ಗುಮ್ಮಟಕ್ಕೆ 463 ಮೆಟ್ಟಿಲು, ಲಿಫ್ಟ್ ಇಲ್ಲ, ಹೊತ್ತು ಗೊತ್ತುಮಾಡಿದ ಟಿಕೆಟ್. ಸಸ್ಯಾಹಾರಿಗಳಿಗೆ ಟಸ್ಕನಿ ಒಳ್ಳೆಯ ನೆಲ: ಬ್ರೆಡ್, ತರಕಾರಿಯ ಸೂಪು ರಿಬೊಲಿತಾ, ಬ್ರೆಡ್, ಟೊಮೆಟೊದ ಸೂಪು ಪಾಪಾ ಅಲ್ ಪೊಮೊದೊರೊ, ಬೆಳ್ಳುಳ್ಳಿ ಟೊಮೆಟೊದ ಪಾಸ್ತಾ ಪೀಚಿ ಅಲ್ಯೊನೆ. ಸೂಪಿಗೆ ಮಾಂಸದ ರಸ ಹಾಕಿದ್ದಾರೆಯೇ ಎಂದು 'ಬ್ರೊದೊ ದಿ ಕಾರ್ನೆ?' ಎಂದು ಕೇಳಿ. ಪಾರ್ಮೆಸಾನ್ ಚೀಸ್‌ಗೆ ಕರುವಿನ ಜಠರದ ಹೆಪ್ಪು ಬಳಸುತ್ತಾರೆ. ಅದನ್ನು ಬಿಡುವವರು 'ಸೆಂಜಾ ಫೋರ್ಮಾಜೊ' ಎನ್ನಬೇಕು. ಬಿಲ್‌ನಲ್ಲಿ ಕೊಪೆರ್ತೊ ಎಂದಿದ್ದರೆ ಅದು ತಲೆಗೆ ಇಷ್ಟೆಂದು ಹಾಕುವ ಕೂರುವ ಶುಲ್ಕ, ಮೋಸವಲ್ಲ.

9ನೇ ದಿನ: ಕಾರು ಕೈಗೆ

ಬಾಡಿಗೆ ಕಾರನ್ನು ಊರೊಳಗಿನ ಕಚೇರಿಯಲ್ಲಿ ತೆಗೆದುಕೊಳ್ಳಬೇಡಿ. ಟಿ2 ಟ್ರಾಮ್‌ನಲ್ಲಿ ಸುಮಾರು 20 ನಿಮಿಷಕ್ಕೆ ಪೆರೆತೊಲಾ ವಿಮಾನ ನಿಲ್ದಾಣಕ್ಕೆ ಹೋಗಿ ಅಲ್ಲಿ ತೆಗೆದುಕೊಳ್ಳಿ. ಕಾರಣ ಜೆಡ್‌ಟಿಎಲ್. ಇಟಲಿಯ ಹಳೆಯ ಊರುಗಳ ನಡುಭಾಗ ಪರವಾನಗಿ ಇದ್ದ ವಾಹನಗಳಿಗೆ ಮಾತ್ರ. ತಡೆಗಂಬ ಇರುವುದಿಲ್ಲ, ಪೊಲೀಸರಿರುವುದಿಲ್ಲ, ಮೇಲೊಂದು ಕ್ಯಾಮೆರಾ ಇರುತ್ತದೆ ಅಷ್ಟೇ. ಕೆಂಪು ಸುತ್ತಿನ ಬಿಳಿ ಫಲಕ, ಕೆಳಗೆ 'ವಾರ್ಕೊ ಅತ್ತೀವೊ' ಎಂದು ಬೆಳಗಿದ್ದರೆ ಈಗ ನಿಷೇಧ ಜಾರಿಯಲ್ಲಿದೆ ಎಂದರ್ಥ. 'ನೊನ್ ಅತ್ತೀವೊ' ಎಂದಿದ್ದರೆ ಹೋಗಬಹುದು. 'ಅತ್ತೀವೊ' ಎಂದರೆ ತೆರೆದಿದೆ ಎಂದು ತಿಳಿದು ನುಗ್ಗುವವರು ಬಹಳ. ಒಂದೇ ಬೀದಿಯಲ್ಲಿ ಮೂರು ಕ್ಯಾಮೆರಾ ದಾಟಿದರೆ ಮೂರು ದಂಡ ಬರಬಹುದು, ಪ್ರತಿಯೊಂದೂ ನೂರು ಯೂರೊ ಆಸುಪಾಸು. ಅದರ ಮೇಲೆ ನಿಮ್ಮ ವಿಳಾಸವನ್ನು ಪೊಲೀಸರಿಗೆ ಕೊಟ್ಟಿದ್ದಕ್ಕೆ ಬಾಡಿಗೆ ಕಂಪನಿ ಹಾಕುವ ಶುಲ್ಕ ಬೇರೆ. ನಕ್ಷೆಯ ಆ್ಯಪ್ ಈ ಗಡಿಯನ್ನು ಯಾವಾಗಲೂ ತಪ್ಪಿಸುವುದಿಲ್ಲ. ಆ್ಯಪ್‌ಗೆ ಊರಿನ ಹೆಸರು ಕೊಡಬೇಡಿ, ಊರ ಹೊರಗಿನ ಪಾರ್ಕಿಂಗ್‌ನ ಹೆಸರು ಕೊಡಿ. ನಾಲ್ಕು ದಿನವೂ ಈ ಒಂದು ಅಭ್ಯಾಸ ಸಾಕು.

ಕೌಂಟರ್‌ನಲ್ಲಿ ವಿಮೆಯ ಪ್ರಶ್ನೆ ಬರುತ್ತದೆ. ಬುಕಿಂಗ್‌ನಲ್ಲಿರುವ ವಿಮೆಗೆ ಒಂದು ಮಿತಿ ಇರುತ್ತದೆ. ಅಷ್ಟು ಹಾನಿಯವರೆಗೆ ಹೊಣೆ ನಿಮ್ಮದು, ಇಟಲಿಯಲ್ಲಿ ಅದಕ್ಕೆ ಫ್ರಾಂಕಿಜಿಯಾ ಎನ್ನುತ್ತಾರೆ. ಅದನ್ನು ಸೊನ್ನೆಗೆ ಇಳಿಸುವ ಹೆಚ್ಚುವರಿ ವಿಮೆ ಕೌಂಟರ್‌ನಲ್ಲಿ ದುಬಾರಿ, ಬೇರೆ ವಿಮಾದಾರರಲ್ಲಿ ಮೊದಲೇ ಕೊಂಡರೆ ಅಗ್ಗ. ಆದರೆ ಹೊರಗಿನ ವಿಮೆಯಲ್ಲಿ ಠೇವಣಿ ಪೂರ್ತಿ ತಡೆಹಿಡಿಯುತ್ತಾರೆ, ಹಾನಿಯಾದರೆ ನೀವು ಮೊದಲು ಕಟ್ಟಿ ಆಮೇಲೆ ವಸೂಲಿ ಮಾಡಬೇಕು. ಮೊದಲ ಸಲ ಬಲಬದಿಯಲ್ಲಿ ಓಡಿಸುವವರು ಕೌಂಟರ್‌ನ ಪೂರ್ಣ ವಿಮೆಯನ್ನೇ ತೆಗೆದುಕೊಳ್ಳಲಿ. ಟೈರ್, ಗಾಜು, ಕಾರಿನ ಅಡಿಭಾಗ ಅದರಲ್ಲಿ ಸೇರಿವೆಯೇ ಎಂದು ಕೇಳಿ. ಹೊರಡುವ ಮುನ್ನ ನಾಲ್ಕೂ ಬದಿ, ನಾಲ್ಕೂ ಚಕ್ರ, ಮೀಟರ್ ಮತ್ತು ಇಂಧನದ ಮುಳ್ಳು ವಿಡಿಯೊ ಮಾಡಿ. ಕಾಗದದಲ್ಲಿ ಗುರುತಿಸದ ಗೀರು ಕಂಡರೆ ಅಲ್ಲೇ ಬರೆಸಿ.

ಆಟೊಮ್ಯಾಟಿಕ್ ಬೇಕಾದರೆ ಬುಕ್ ಮಾಡುವಾಗಲೇ ಆರಿಸಬೇಕು. ನಮ್ಮವರಿಗೆ ಅದೇ ಒಳ್ಳೆಯದು. ಮ್ಯಾನ್ಯುವಲ್‌ನಲ್ಲಿ ಗೇರು ಬಲಗೈಗೆ ಬರುತ್ತದೆ, ಎಡಗೈಗೆ ರೂಢಿಯಾದ ಚಲನೆ ತಿರುವಿನಲ್ಲಿ ಬಾಗಿಲಿಗೆ ಬಡಿಯುತ್ತದೆ. ಇಂಡಿಕೇಟರ್ ಎಡಗಡ್ಡಿಯಲ್ಲಿ, ವೈಪರ್ ಬಲಗಡ್ಡಿಯಲ್ಲಿ. ಮೊದಲ ಗಂಟೆ ಬಿಸಿಲಲ್ಲೇ ವೈಪರ್ ಓಡಿದರೆ ಗಾಬರಿ ಬೇಡ. ನೆನಪಿಡಬೇಕಾದದ್ದು ಒಂದೇ: ಓಡಿಸುವವರು ಯಾವಾಗಲೂ ರಸ್ತೆಯ ನಡುಗೆರೆಯ ಬದಿಗಿರಬೇಕು. ತಪ್ಪುವುದು ದಟ್ಟಣೆಯಲ್ಲಲ್ಲ. ಖಾಲಿ ರಸ್ತೆಯಲ್ಲಿ, ಪೆಟ್ರೋಲ್ ಬಂಕಿನಿಂದ ಎಡಕ್ಕೆ ತಿರುಗಿ ಹೊರಬರುವಾಗ. ವೃತ್ತದಲ್ಲಿ ಗಡಿಯಾರಕ್ಕೆ ಎದುರಾಗಿ ಸುತ್ತಬೇಕು, ಒಳಗಿದ್ದವರಿಗೆ ಮೊದಲ ಹಕ್ಕು.

ವೇಗ: ಟೋಲ್ ಹೆದ್ದಾರಿಯಲ್ಲಿ 130, ಮುಖ್ಯ ರಸ್ತೆಯಲ್ಲಿ 110, ಊರ ಹೊರಗಿನ ಸಾಮಾನ್ಯ ರಸ್ತೆಯಲ್ಲಿ 90, ಊರೊಳಗೆ 50. ಟೋಲ್‌ನಲ್ಲಿ ಒಳಬರುವಾಗ ಚೀಟಿ, ಹೊರಹೋಗುವಾಗ ಹಣ. ಹಳದಿಯ ಟೆಲೆಪಾಸ್ ಸಾಲು ನಮ್ಮ ಫಾಸ್ಟ್ಯಾಗ್ ಇದ್ದಂತೆ. ಉಪಕರಣ ಇಲ್ಲದೆ ನುಗ್ಗಬೇಡಿ, ಕಾರ್ಡ್ ಅಥವಾ ನೋಟಿನ ಚಿತ್ರವಿರುವ ಸಾಲು ಹಿಡಿಯಿರಿ. ಪಾರ್ಕಿಂಗ್‌ನಲ್ಲಿ ಬಿಳಿ ಗೆರೆ ಉಚಿತ, ನೀಲಿ ಗೆರೆಗೆ ಹಣ, ಹಳದಿ ನಮಗಲ್ಲ. ಡೀಸೆಲ್‌ಗೆ ಗಸೋಲಿಯೊ, ಪೆಟ್ರೋಲ್‌ಗೆ ಬೆನ್‌ಜಿನಾ. 'ಸೆರ್ವಿತೊ' ಎಂದರೆ ಬಂಕಿನವರೇ ಹಾಕುತ್ತಾರೆ, ಲೀಟರಿಗೆ ದರ ಹೆಚ್ಚು.

ಮೊದಲ ದಿನ ಹೆಚ್ಚು ಓಡಬೇಡಿ. ಫ್ಲಾರೆನ್ಸ್‌ನಿಂದ ಸಿಯೆನಾ ಕಡೆಯ ನಾಲ್ಕು ಸಾಲಿನ ರಸ್ತೆಗೆ ಟೋಲ್ ಇಲ್ಲ, ಆದರೆ ಅಂಚು ಕಿರಿದು, ಬಲಸಾಲಿನಲ್ಲೇ ಇರಿ. ಪೊಜಿಬೊನ್ಸಿ ನೊರ್ದ್‌ನಲ್ಲಿ ಇಳಿದರೆ ಸಾನ್ ಜಿಮಿನ್ಯಾನೊ. ಎತ್ತರದ ಕಲ್ಲಿನ ಗೋಪುರಗಳ ಊರು. ಪಿ1 ಪಾರ್ಕಿಂಗ್ ಅಗ್ಗ, ಹತ್ತು ನಿಮಿಷ ಏರುನಡಿಗೆ. ರಾತ್ರಿಗೆ ಸಿಯೆನಾ ಹೊರವಲಯದ ಅಗ್ರಿತುರಿಸ್ಮೊ, ಅಂದರೆ ತೋಟದ ಮನೆ. ಕತ್ತಲಾಗುವ ಮುನ್ನ ತಲುಪಿ, ಕೊನೆಯ ಮಣ್ಣುದಾರಿಗೆ ದೀಪವಿರುವುದಿಲ್ಲ.

10 ಮತ್ತು 11ನೇ ದಿನ: ಸಿಯೆನಾ, ವಾಲ್ ದೋರ್ಚಾ

ಸಿಯೆನಾದಲ್ಲಿ ಸಾಂತಾ ಕಾತೆರಿನಾ ಪಾರ್ಕಿಂಗ್. ಅಲ್ಲಿಂದ ಎಸ್ಕಲೇಟರ್‌ಗಳೇ ದುವೊಮೊ ಬಳಿಗೆ ಏರಿಸುತ್ತವೆ. ಆ ದುವೊಮೊದ ಅಮೃತಶಿಲೆಯ ನೆಲದ ಚಿತ್ರಗಳನ್ನು ವರ್ಷದ ಬಹುಕಾಲ ಮುಚ್ಚಿಟ್ಟಿರುತ್ತಾರೆ, ಸೆಪ್ಟೆಂಬರ್‌ನಲ್ಲಿ ಸಾಮಾನ್ಯವಾಗಿ ತೆರೆದಿರುತ್ತದೆ. ಜುಲೈ 2 ಮತ್ತು ಆಗಸ್ಟ್ 16 ಪಾಲಿಯೊ ಕುದುರೆ ಓಟದ ದಿನಗಳು, ಆ ಆಸುಪಾಸು ಕಾರಿನಲ್ಲಿ ಬರುವ ಯೋಚನೆಯೇ ಬೇಡ. ಮಧ್ಯಾಹ್ನದ ಮೇಲೆ ಎಸ್‌ಆರ್ 222 ಹಿಡಿದು ಕ್ಯಾಂತಿ ಎಂಬ ವೈನ್ ಸೀಮೆಯ ಕಾಸ್ತೆಲಿನಾ, ಪಂಜಾನೊವರೆಗೆ ಹೋಗಿ ಬನ್ನಿ. ವೈನ್ ರುಚಿ ನೋಡುವವರು ಸ್ಟಿಯರಿಂಗ್ ಮುಟ್ಟಬಾರದು, ಮಿತಿ ರಕ್ತದಲ್ಲಿ ಲೀಟರಿಗೆ 0.5 ಗ್ರಾಂ.

ಮರುದಿನ ಕಾಸಿಯಾ ರಸ್ತೆಯಲ್ಲಿ ದಕ್ಷಿಣಕ್ಕೆ, ವಾಲ್ ದೋರ್ಚಾ ಕಣಿವೆಯ ಕಡೆ: ಬೂಅನ್‌ಕೊನ್ವೆಂತೊ, ಸಾನ್ ಕ್ವಿರಿಕೊ, ಊರ ಚೌಕದ ಜಾಗದಲ್ಲಿ ಬಿಸಿನೀರ ಕೊಳವಿರುವ ಬಾನ್ಯೊ ವಿನ್ಯೋನಿ, ಆಮೇಲೆ ಪಿಯೆಂಜಾ. ಬೆಳಕು ಓರೆಯಾಗಿರುವ ಬೆಳಿಗ್ಗೆ ಎಂಟರೊಳಗೆ ಅಥವಾ ಸಂಜೆ ಐದರ ಮೇಲೆ ಗುಡ್ಡಗಳ ಮಡಿಕೆ ಎದ್ದು ಕಾಣುತ್ತದೆ, ನಡುಹಗಲಲ್ಲಿ ಎಲ್ಲ ಚಪ್ಪಟೆ. ಸೈಪ್ರೆಸ್ ಮರಗಳ ಫೋಟೋಗೆಂದು ಹಲವರು ಬಿಳಿ ಜಲ್ಲಿಯ ಸ್ತ್ರಾದೆ ಬಿಯಾಂಕೆ ರಸ್ತೆಗೆ ಇಳಿಯುತ್ತಾರೆ. ಹಲವು ಒಪ್ಪಂದಗಳಲ್ಲಿ ಕಚ್ಚಾರಸ್ತೆಯ ಹಾನಿಗೆ ವಿಮೆ ಇಲ್ಲ. 30ರ ಮೇಲೆ ಹೋಗಬೇಡಿ, ಮುಂದಿನ ಕಾರಿನಿಂದ ದೂರವಿರಿ. ರಾತ್ರಿ ಪಿಯೆಂಜಾ ಅಥವಾ ಮೊಂತೆಪುಲ್ಚಾನೊ.

12ನೇ ದಿನ: ಒರ್ವಿಯೆತೊದಲ್ಲಿ ಕಾರು ಬಿಟ್ಟು ರೋಮ್‌ಗೆ

ರೋಮ್‌ನ ಸಂಚಾರಕ್ಕೆ ಸಿಲುಕದೆ ಕಾರು ಒಪ್ಪಿಸಲು ಒರ್ವಿಯೆತೊ ಹೇಳಿ ಮಾಡಿಸಿದ ಊರು. ಬಾಡಿಗೆ ಕಚೇರಿಗಳು ಇರುವುದು ಬೆಟ್ಟದ ಕೆಳಗಿನ ಸ್ಕಾಲೊ ಎಂಬ ಭಾಗದಲ್ಲಿ, ರೈಲು ನಿಲ್ದಾಣದ ಹತ್ತಿರ. ಅವು ಸಣ್ಣವು: ಮಧ್ಯಾಹ್ನ ಊಟಕ್ಕೆ ಎರಡು, ಮೂರು ಗಂಟೆ ಮುಚ್ಚುತ್ತವೆ, ಭಾನುವಾರ ಹೆಚ್ಚಾಗಿ ರಜೆ. ಬೇರೆ ಊರಲ್ಲಿ ಒಪ್ಪಿಸುವುದಕ್ಕೆ ಶುಲ್ಕವೂ ಇರುತ್ತದೆ, ಬುಕಿಂಗ್‌ನಲ್ಲೇ ನೋಡಿಕೊಳ್ಳಿ. ಬಾಡಿಗೆ ಲೆಕ್ಕ 24 ಗಂಟೆಯದು. ಒಂಬತ್ತನೇ ದಿನ 11ಕ್ಕೆ ತೆಗೆದ ಕಾರನ್ನು ಹನ್ನೆರಡನೇ ದಿನ 11ರೊಳಗೆ ಕೊಟ್ಟರೆ ಮೂರು ದಿನ, ತಡವಾದರೆ ನಾಲ್ಕು. ಇಲ್ಲಿ ನಾಲ್ಕನೇ ದಿನದ ಬಾಡಿಗೆ ಕೊಡುವುದೇ ಒಳಿತು. ಬೆಳಿಗ್ಗೆ ಕಾಂಪೊ ದೆಲ್ಲಾ ಫಿಯೆರಾ ಪಾರ್ಕಿಂಗ್‌ನಲ್ಲಿ ನಿಲ್ಲಿಸಿ, ಪೆಟ್ಟಿಗೆಗಳನ್ನೆಲ್ಲ ಕಾಣದಂತೆ ಡಿಕ್ಕಿಯಲ್ಲಿಟ್ಟು ಊರು ಸುತ್ತಬಹುದು: ಪಟ್ಟೆಪಟ್ಟೆ ಕಲ್ಲಿನ ದುವೊಮೊ, ಮತ್ತು ಸಾನ್ ಪತ್ರಿಜಿಯೊ ಬಾವಿ. 16ನೇ ಶತಮಾನದ ಆ ಬಾವಿಯಲ್ಲಿ 248 ಮೆಟ್ಟಿಲಿನ ಎರಡು ಸುರುಳಿಗಳಿವೆ. ಇಳಿಯುವ ಕತ್ತೆಗೂ ನೀರು ಹೊತ್ತು ಏರುವ ಕತ್ತೆಗೂ ದಾರಿ ಎದುರಾಗದಂತೆ ಕಟ್ಟಿದ್ದು.

ಸಂಜೆ ಕಚೇರಿ ತೆರೆದ ಮೇಲೆ ಟ್ಯಾಂಕ್ ತುಂಬಿಸಿ ಒಪ್ಪಿಸಿ. ಸೆಲ್ಫ್‌ ಸರ್ವಿಸ್ ಬಂಕಿನ ಯಂತ್ರ ಮೊದಲು ನೂರು ಯೂರೊ ತಡೆಹಿಡಿದು, ಹಾಕಿದಷ್ಟನ್ನು ಮಾತ್ರ ಕಡಿತ ಮಾಡಿ ಉಳಿದದ್ದನ್ನು ಕೆಲವು ದಿನಗಳಲ್ಲಿ ಬಿಡುತ್ತದೆ. ತುಂಬಿಸಿದ ರಸೀದಿ ಇಟ್ಟುಕೊಳ್ಳಿ. ಕಾರು ನೋಡಿ ಹಾನಿಯಿಲ್ಲ ಎಂದು ಬರೆದುಕೊಟ್ಟ ಕಾಗದ ಪಡೆದೇ ನಿಲ್ದಾಣಕ್ಕೆ ಹೋಗಿ. ರೋಮಾ ತೆರ್ಮಿನಿಗೆ ಸ್ಥಳೀಯ ರೈಲು ಒಂದೂಕಾಲು ಗಂಟೆ.

13 ಮತ್ತು 14ನೇ ದಿನ: ರೋಮ್

ಕೊಲೊಸಿಯಂ ಟಿಕೆಟ್ 30 ದಿನ ಮುಂಚೆ ತೆರೆಯುತ್ತದೆ, ಹೆಸರು ಪಾಸ್‌ಪೋರ್ಟ್‌ನಲ್ಲಿ ಇದ್ದಂತೆಯೇ ಇರಬೇಕು. ವ್ಯಾಟಿಕನ್ ಮ್ಯೂಸಿಯಂ ಭಾನುವಾರ ಮುಚ್ಚಿರುತ್ತದೆ, ತಿಂಗಳ ಕೊನೆಯ ಭಾನುವಾರ ಹೊರತು. ಚರ್ಚ್‌ಗಳಿಗೆ ಹೆಗಲು, ಮೊಣಕಾಲು ಮುಚ್ಚುವ ಬಟ್ಟೆ. ಫಿಯುಮಿಚಿನೊ ವಿಮಾನ ನಿಲ್ದಾಣಕ್ಕೆ ತೆರ್ಮಿನಿಯಿಂದ ಲಿಯೊನಾರ್ಡೊ ಎಕ್ಸ್‌ಪ್ರೆಸ್ 32 ನಿಮಿಷ, 14 ಯೂರೊ. ಹೊರಡುವಾಗಲೂ ಗಡಿ ನೋಂದಣಿಯ ಸಾಲಿದೆ. ಮೂರು ಗಂಟೆ ಮುಂಚೆ ಅಲ್ಲಿರಿ.

ಊರಿಗೆ ಬಂದ ಮೇಲೆ ಕಾರಿನ ಒಪ್ಪಂದ, ಇಂಧನದ ರಸೀದಿ, ಕಾರಿನ ವಿಡಿಯೊ ಇವನ್ನು ಒಂದು ವರ್ಷ ಕಳೆದುಕೊಳ್ಳಬೇಡಿ. ಸಂಚಾರ ದಂಡದ ನೋಟಿಸನ್ನು ವಿದೇಶದಲ್ಲಿರುವವರಿಗೆ 360 ದಿನಗಳವರೆಗೂ ಕಳಿಸಲು ಇಟಲಿಯ ಕಾನೂನಿನಲ್ಲಿ ಅವಕಾಶವಿದೆ. ಕಾರ್ಡ್‌ನಿಂದ ಸಣ್ಣ ಮೊತ್ತವೊಂದು ಕಡಿತವಾಗಿ ಎಸ್‌ಎಂಎಸ್ ಬಂದರೆ ಅದು ದಂಡವಲ್ಲ, ಬಾಡಿಗೆ ಕಂಪನಿಯ ಶುಲ್ಕ; ದಂಡದ ಪತ್ರ ಹಿಂದೆ ಬರಲಿದೆ ಎಂಬ ಸೂಚನೆ. ಪತ್ರ ಬಂದಾಗ ಕಾರಿನ ನಂಬರ್, ದಿನಾಂಕ, ಹೊತ್ತು ನಿಮ್ಮ ಒಪ್ಪಂದದೊಡನೆ ಹೊಂದುತ್ತವೆಯೇ ನೋಡಿ. ಹೊಂದಿದರೆ ಬೇಗ ಕಟ್ಟಿದವರಿಗೆ ಅದರಲ್ಲಿ ರಿಯಾಯಿತಿಯ ಮೊತ್ತವೂ ಬರೆದಿರುತ್ತದೆ.